ಅಡಿಸ್ ಅಬಾಬಾದಲ್ಲಿ ಅಮ್ಮನ ಜೊತೆ ಒಂದು ಹಗಲು

ಜೊಹಾನ್ಸ್‌ಬರ್ಗ್‌ನ ಅಕ್ಕನ ಮನೆಯಿಂದ ವಾಪಸು ಬರುವಾಗ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಬೇಕಿತ್ತು. ಎರಡು ಗಂಟೆಯಲ್ಲಿ ಮುಂದಿನ ವಿಮಾನ ಸಿಗುವ ಟಿಕೆಟ್ಟೂ ಇತ್ತು. ನಾನು ಬೇಕಂತಲೇ ಒಂದು ರಾತ್ರಿ, ಒಂದು ಹಗಲು ಉಳಿಯುವ ಟಿಕೆಟ್ ತಗೊಂಡೆ. ಅಮ್ಮನಿಗೆ 66. ‘ಏರ್‌ಪೋರ್ಟಲ್ಲಿ ಕೂತು ಎಂಥ ಮಾಡೋದು ಮಾರಾಯ, ಊರಾದ್ರೂ ನೋಡುವ’ ಅಂದಿದ್ದಳು.

ಹೋಗುವವರು ಮೊದಲು ತಿಳಿದಿರಬೇಕಾದ್ದು ಹಳದಿ ಜ್ವರದ ಲಸಿಕೆಯ ವಿಷಯ. ಇಥಿಯೋಪಿಯಾ ಆ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಏರ್‌ಪೋರ್ಟ್ ಒಳಗೇ ಇದ್ದು ವಿಮಾನ ಬದಲಿಸಿದರೆ ತೊಂದರೆ ಇಲ್ಲ. ಹೊರಗೆ ಕಾಲಿಟ್ಟಿರೋ, ಭಾರತದಲ್ಲಿ ಇಳಿದಾಗ ಹಳದಿ ಕಾರ್ಡ್, ಅಂದರೆ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಕಾರ್ಡ್ ಊರ್ಜಿತ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆ ಸುಮ್ನೆ ಕೊಡುವುದಿಲ್ಲ, ಡಾಕ್ಟರ್ ನೋಡಿ ಹೇಳಬೇಕು. ನಾವು ಹೊರಡುವ ಮೊದಲೇ ಬೆಂಗಳೂರಿನಲ್ಲಿ ಅದನ್ನು ಮುಗಿಸಿದ್ದೆವು. ಇ-ವೀಸಾ ಕೂಡ ಮೊದಲೇ ಮಾಡಿಸಿದ್ದೆ.

ಇಷ್ಟೆಲ್ಲ ನೆನಪಿಟ್ಟವನು ಸ್ವೆಟರ್ ಮರೆತೆ. ಎರಡೂ ಸ್ವೆಟರ್ ದೊಡ್ಡ ಸೂಟ್‌ಕೇಸಿನಲ್ಲಿದ್ದವು, ಸೂಟ್‌ಕೇಸು ಸೀದಾ ಬೆಂಗಳೂರಿಗೆ ಬುಕ್ ಆಗಿತ್ತು. ಆಫ್ರಿಕಾ ಅಂದರೆ ಸೆಕೆ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದಲ್ವಾ. ಈ ಊರು ಇರುವುದು ಸುಮಾರು 2,350 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಆಸುಪಾಸು. ಅಂದರೆ ಇಲ್ಲಿನ ರನ್‌ವೇ ಕೂಡ ಕರ್ನಾಟಕದ ನೆತ್ತಿಗಿಂತ ಮೇಲಿದೆ! ಡಿಸೆಂಬರ್ ರಾತ್ರಿಯ ಚಳಿಗೆ ಅಮ್ಮ ಸೆರಗು ಹೊದ್ದುಕೊಂಡು ನಡುಗಿದಳು. ಹೋಟೆಲಿನಲ್ಲಿ ಲಿಫ್ಟ್ ಇರಲಿಲ್ಲ. ಆ ಎತ್ತರದ ತೆಳು ಗಾಳಿಯಲ್ಲಿ ಎರಡನೇ ಮಹಡಿಗೆ ಹತ್ತುವಷ್ಟರಲ್ಲಿ ನನಗೇ ಏದುಸಿರು. ಅಮ್ಮ ಮೂರು ಕಡೆ ನಿಂತಳು.

ಬೆಳಿಗ್ಗೆ ಎಂಟಕ್ಕೆ ಬರಲು ಟ್ಯಾಕ್ಸಿಯವನಿಗೆ ಹೇಳಿದರೆ ಆತ ‘ಆಯ್ತು, ಎರಡು ಗಂಟೆಗೆ’ ಅಂದ. ಅರ್ಧ ದಿನ ಹೋಯಿತು ಅಂದುಕೊಂಡೆ. ಕೌಂಟರಿನ ಹುಡುಗಿ ನಕ್ಕು ಬಿಡಿಸಿ ಹೇಳಿದಳು. ಅವರ ಗಡಿಯಾರ ಬೆಳಿಗ್ಗೆ ಆರಕ್ಕೆ ಶುರು, ನಮ್ಮ ಎಂಟು ಅವರಿಗೆ ಎರಡು. ಅಮ್ಮನಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ‘ಹೊತ್ತು ಹುಟ್ಟಿದ ಮೇಲೆ ತಾನೆ ಲೆಕ್ಕ? ಅಜ್ಜಯ್ಯ ಗಳಿಗೆ ಎಣಿಸ್ತಿದ್ದದ್ದೂ ಹಾಗೇ.’

ಮೊದಲು ಶಿರೋ ಮೇಡಾ ಬೀದಿಗೆ ಹೋದೆವು. ಎಂಟೊಟೊ ಬೆಟ್ಟದ ದಾರಿಯಲ್ಲಿರುವ ಕೈಮಗ್ಗದ ಬಟ್ಟೆಗಳ ಪೇಟೆ ಅದು. ಅಲ್ಲಿ ಅಮ್ಮನಿಗೆ ಗಬಿ ಕೊಂಡೆ. ದಪ್ಪ ಹತ್ತಿಯ ಬಿಳಿ ಹೊದಿಕೆ, ನಾಲ್ಕು ಪದರ. ಹೆಚ್ಚಾಗಿ ಗಂಡಸರು ಹೊದೆಯುವುದಂತೆ, ಅಮ್ಮ ಕೇರ್ ಮಾಡಲಿಲ್ಲ.

ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿದ್ದು ನನ್ನ ತಪ್ಪು. ಎಂಟೊಟೊ ಮೂರು ಸಾವಿರ ಮೀಟರ್ ದಾಟುತ್ತದೆ. ಹಿಂದಿನ ರಾತ್ರಿ ಇಳಿದವರು ಮೊದಲು ಕೆಳಗೆ ಮ್ಯೂಸಿಯಂ ನೋಡಿ, ಬೆಟ್ಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಎರಡನೇ ಮೆನೆಲಿಕ್ ಇಥಿಯೋಪಿಯಾದ ಚಕ್ರವರ್ತಿಯಾಗಿ ಪಟ್ಟಕ್ಕೇರಿದ್ದು ಇಲ್ಲಿನ ಮರಿಯಮ್ ಚರ್ಚಿನಲ್ಲಿ, 1889ರಲ್ಲಿ. ಅವನ ರಾಣಿ ತಾಯ್ತುಗೆ ಬೆಟ್ಟದ ಚಳಿ ಹಿಡಿಸಲಿಲ್ಲ. ಕೆಳಗಿನ ಬಿಸಿನೀರ ಬುಗ್ಗೆಯ ಹತ್ತಿರ 1886ರಲ್ಲೇ ಮನೆ ಕಟ್ಟಿಸಿ, ಜಾಗಕ್ಕೆ ಅಡಿಸ್ ಅಬಾಬಾ, ಅಂದರೆ ‘ಹೊಸ ಹೂವು’ ಅಂತ ಹೆಸರಿಟ್ಟಳು. ಚಪ್ಪಲಿ ಬಿಟ್ಟು, ಗಬಿಯನ್ನು ತಲೆ ಮೇಲೆ ಎಳೆದುಕೊಂಡು ಅಮ್ಮ ಚರ್ಚಿನ ಅಂಗಳಕ್ಕೆ ಹೋದಳು. ಬಿಳಿ ಹೊದ್ದ ಅಲ್ಲಿನ ಅಜ್ಜಿಯರ ನಡುವೆ ಅವಳನ್ನು ಹುಡುಕುವುದೇ ಕಷ್ಟವಾಯಿತು. ಆಮೇಲೆ ತಲೆ ಸುತ್ತುತ್ತದೆ ಅಂತ ಕಟ್ಟೆ ಮೇಲೆ ಕೂತಳು. ನೀರು ಕುಡಿಸಿ ಕೆಳಗೆ ಇಳಿಸಿದೆ.

ದಾರಿಯುದ್ದಕ್ಕೂ ನೀಲಗಿರಿ ಮರ. ಊರು ಬೆಳೆದು ಸುತ್ತಲ ಕಾಡೆಲ್ಲ ಸೌದೆಯಾಗಿ, ರಾಜಧಾನಿಯನ್ನೇ ಬೇರೆ ಕಡೆಗೆ ಒಯ್ಯುವ ಯೋಚನೆ ಬಂದಿತ್ತಂತೆ. ಬೇಗ ಬೆಳೆಯುವ ಈ ಮರ ಊರನ್ನು ಉಳಿಸಿತು. ಅಲ್ಲಿ ಅದಕ್ಕೆ ‘ಬಾಹಿರ್ ಝಾಫ್’ ಅನ್ನುತ್ತಾರೆ, ಕಡಲಾಚೆಯ ಮರ. ಕೋಲಾರದ ಕಡೆ ನೀರು ಹೀರುತ್ತದೆ ಅಂತ ಬೈಸಿಕೊಳ್ಳುವ ಮರದ ಸೌದೆ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೆಂಗಸರು ಬಾಗಿ ಇಳಿಯುತ್ತಿದ್ದರು.

ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದು ಗಂಟೆ ಸಾಕು. ಎಲ್ಲರೂ ಹೋಗುವುದು ಲೂಸಿಯನ್ನು ನೋಡಲು. 1974ರಲ್ಲಿ ಇದೇ ದೇಶದ ಹಡಾರ್‌ನಲ್ಲಿ ಸಿಕ್ಕ, ಮನುಷ್ಯರ ಪೂರ್ವಜರ ಕುಲದ ಒಬ್ಬಳ ಸುಮಾರು 32 ಲಕ್ಷ ವರ್ಷ ಹಳೆಯ ಮೂಳೆಗಳು. ನೋಡಲು ಇಟ್ಟಿರುವುದು ಅಚ್ಚು ಹೊಯ್ದ ನಕಲು, ಅಸಲು ಭದ್ರವಾಗಿ ಒಳಗಿದೆ. ಮೂರೂವರೆ ಅಡಿ ಎತ್ತರ, ಅಷ್ಟೇ.

ಊಟಕ್ಕೆ ಟ್ಯಾಕ್ಸಿಯವನೂ ಜೊತೆಗೆ ಕೂತ. ಸಸ್ಯಾಹಾರಿಗಳಿಗೆ ಈ ಊರು ಸುಲಭ. ‘ತ್ಸೋಮ್’ ಅಂದರೆ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇರುವುದಿಲ್ಲ. ಬುಧವಾರ, ಶುಕ್ರವಾರ ಇದು ಖಾಯಂ. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ, ಹಾಗಾಗಿ ಡಿಸೆಂಬರ್ ಪೂರ್ತಿ ಉಪವಾಸವೇ. ದೊಡ್ಡ ತಟ್ಟೆಯಲ್ಲಿ ಇಂಜೆರಾ ಹಾಸಿ, ಮೇಲೆ ಬೇಳೆ, ಸೊಪ್ಪು, ಕೋಸು, ಬೀಟ್‌ರೂಟ್ ಗುಪ್ಪೆಗುಪ್ಪೆಯಾಗಿ ಬಡಿಸಿದ್ದರು. ಇಂಜೆರಾ ರಾಗಿಗಿಂತ ಸಣ್ಣ ಕಾಳಾದ ಟೆಫ್‌ನ ಹಿಟ್ಟಿನದು. ಕಾವಲಿ ಮೇಲೆ ಒಂದೇ ಮಗ್ಗುಲು ಬೇಯಿಸುತ್ತಾರೆ. ಅಮ್ಮ ಮೂಸಿ ನೋಡಿ, ‘ಹಿಟ್ಟು ಮೂರು ದಿನ ಹುಳಿ ಬಂದಿದೆ’ ಅಂದಳು. ಸರಿಯಾಗೇ ಹೇಳಿದಳು.

ತೊಂದರೆ ಬಂದದ್ದು ತಟ್ಟೆ ಒಂದೇ ಅಂತ. ಎಲ್ಲರೂ ಅದರಲ್ಲೇ ಕೈ ಹಾಕಬೇಕು. ಎಂಜಲು ಅನ್ನುವ ಮನೆಯಲ್ಲಿ ಬೆಳೆದ ಅಮ್ಮ ತನ್ನ ಕಡೆಯ ಅಂಚನ್ನು ಮಾತ್ರ ಮುರಿಯುತ್ತಾ ಕೂತಳು. ಅಮ್ಮ ನಾಚಿಕೊಳ್ಳುತ್ತಿದ್ದಾಳೆ ಅಂತ ಟ್ಯಾಕ್ಸಿಯವನಿಗೆ ಅನ್ನಿಸಿರಬೇಕು. ಇಂಜೆರಾದಲ್ಲಿ ಬೇಳೆ ಸುತ್ತಿ, ದೊಡ್ಡ ತುತ್ತು ಮಾಡಿ, ಸೀದಾ ಅಮ್ಮನ ಬಾಯಿಯ ಹತ್ತಿರ ಹಿಡಿದ. ‘ಗುರ್ಶಾ’ ಅಂದ. ಪ್ರೀತಿಯವರಿಗೆ ಕೊಡುವ ಕೈತುತ್ತು ಅದು. ಅಮ್ಮ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. ಬಾಯಿ ತೆರೆದಳು. ನುಂಗಿದ ಮೇಲೆ, ‘ಖಾರ ಜಾಸ್ತಿ’ ಅಂದಳು, ಕಣ್ಣು ಒರೆಸಿಕೊಂಡು.

ಮೂಡಿಗೆರೆಯವಳಿಗೆ ಕಾಫಿಯ ವಿಷಯದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇಲ್ಲಿ ಸುಮ್ಮನೆ ನೋಡುತ್ತಾ ಕೂತಳು. ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು. ಒಬ್ಬ ಹೆಂಗಸು ಹಸಿ ಬೀಜ ತೊಳೆದು, ಇದ್ದಿಲ ಒಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನು ಎಲ್ಲರ ಮೂಗಿನ ಹತ್ತಿರ ತಂದಳು. ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಒಂದೇ ಪುಡಿಗೆ ಮೂರು ಸಲ ನೀರು: ಅಬೋಲ್, ತೋನಾ, ಬರಕಾ. ಮೂರನೆಯದು ನೀರು ನೀರು, ಆದರೆ ಅದನ್ನು ಕುಡಿಯದೆ ಏಳುವ ಹಾಗಿಲ್ಲ. ಒಂದೂವರೆ ಗಂಟೆ ಹೋಯಿತು. ನಾನು ಪಟ್ಟಿ ಮಾಡಿದ್ದ ಇನ್ನೆರಡು ಜಾಗ ಬಿಟ್ಟೆವು. ಆ ತೆಳು ಗಾಳಿಯಲ್ಲಿ ಅಮ್ಮನಿಗೆ ಕೂರುವುದೇ ಬೇಕಿತ್ತು.

ಹೊರಡುವಾಗ ಅಮ್ಮ ಹಸಿ ಬೀಜ ಒಂದು ಹಿಡಿ ಕೇಳಿದಳು, ತೋಟದಲ್ಲಿ ಹಾಕಿ ನೋಡಲು. ಬೀಜವನ್ನು ಪರ್ಮಿಟ್ ಇಲ್ಲದೆ ದೇಶದೊಳಗೆ ತರುವಂತಿಲ್ಲ ಅಂದೆ.

‘ಬಾಬಾ ಬುಡನ್ ಏಳು ಬೀಜ ತಂದಾಗ ಯಾರ ಪರ್ಮಿಟ್ ಇತ್ತು?’

ಹುರಿದ ಬೀಜ ಅರ್ಧ ಕೆಜಿ ಕಟ್ಟಿಸಿದೆ. ಬೆಂಗಳೂರಿನಲ್ಲಿ ಹಳದಿ ಕಾರ್ಡ್ ನೋಡಿ ಬಿಟ್ಟರು. ಊರಿಗೆ ಹೋದ ಮರುದಿನ ಅಮ್ಮ ಅದನ್ನು ಪುಡಿ ಮಾಡಿ ಬೆಲ್ಲದ ಕಾಫಿ ಕಾಯಿಸಿದಳು. ಅಪ್ಪ ಒಂದು ಗುಟುಕು ಕುಡಿದು, ಇದು ಯಾರ ತೋಟದ್ದು ಅಂತ ಕೇಳಿದರು.