ಹೆಚ್ಚಾಗಿ ಕಡಿತವಾದ ಆದಾಯ ತೆರಿಗೆ ವಾಪಸ್ ಪಡೆಯುವುದು ಹೇಗೆ? ಊರಿನಲ್ಲಿರುವವರಿಗೂ, ಹೊರದೇಶದಲ್ಲಿರುವವರಿಗೂ

ದಾವಣಗೆರೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ ಎಂದುಕೊಳ್ಳಿ. ವರ್ಷಕ್ಕೆ 4.20 ಲಕ್ಷ ರೂಪಾಯಿ ಪಿಂಚಣಿ, ಎಫ್‌ಡಿಯಿಂದ 1.60 ಲಕ್ಷ ಬಡ್ಡಿ. ಹಿರಿಯ ನಾಗರಿಕರ ಬಡ್ಡಿ 1 ಲಕ್ಷ ದಾಟಿತು ಅಂತ ಬ್ಯಾಂಕು ಶೇ 10ರಂತೆ 16,000 ರೂಪಾಯಿ ಟಿಡಿಎಸ್ (ದುಡ್ಡು ಕೊಡುವ ಮುಂಚೆಯೇ ಕಡಿಯುವ ತೆರಿಗೆ) ಹಿಡಿದುಕೊಂಡಿತು. ಅವರ ಮಗ ದುಬೈನಲ್ಲಿದ್ದಾನೆ. ಊರಿನ ಬ್ಯಾಂಕಿನ ಎನ್‌ಆರ್‌ಒ ಖಾತೆಯಲ್ಲಿ (ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ) ಅವನದ್ದೂ ಎಫ್‌ಡಿ ಇದೆ, ವರ್ಷಕ್ಕೆ 2 ಲಕ್ಷ ಬಡ್ಡಿ. ಅದರಲ್ಲಿ 62,400 ರೂಪಾಯಿ ಕಡಿತವಾಗಿದೆ. ಇವರಿಬ್ಬರೂ ನಿಜವಾಗಿ ಕಟ್ಟಬೇಕಾದ ತೆರಿಗೆ ಎಷ್ಟು ಗೊತ್ತಾ? ಸೊನ್ನೆ.

ಆದರೂ ಇಂಥ ಎಷ್ಟೋ ಮನೆಗಳಲ್ಲಿ ‘ಹೋಗ್ಲಿ ಬಿಡಿ, ಯಾರು ಓಡಾಡ್ತಾರೆ’ ಅಂತ ಸುಮ್ಮನಾಗುತ್ತಾರೆ. ನನಗೆ ಇದು ತುಂಬಾ ಸಂಕಟದ ವಿಷಯ. ರಿಫಂಡ್ ಅಂದರೆ ಸರ್ಕಾರ ಕೊಡುವ ಸಹಾಯಧನ ಅಲ್ಲ. ನಿಮ್ಮ ಜೇಬಿನಿಂದ ಹೆಚ್ಚಾಗಿ ಹೋದ ನಿಮ್ಮದೇ ದುಡ್ಡು. ಆದರೆ ಅದು ತಾನಾಗಿ ಬರುವುದಿಲ್ಲ, ನೀವು ರಿಟರ್ನ್ (ವರ್ಷದ ಆದಾಯ, ತೆರಿಗೆಯ ಲೆಕ್ಕ) ಸಲ್ಲಿಸಿ ಕೇಳಬೇಕು. ‘ನನ್ನ ಆದಾಯ ಮಿತಿಗಿಂತ ಕಡಿಮೆ, ನಾನ್ಯಾಕೆ ರಿಟರ್ನ್ ಹಾಕಲಿ’ ಅನ್ನುವವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುತ್ತಾರೆ.

ಅಪ್ಪನಿಗೆ ಒಂದು ಲೆಕ್ಕ, ಮಗನಿಗೆ ಇನ್ನೊಂದು

2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ ನೋಡೋಣ. ಮೇಷ್ಟ್ರ ಒಟ್ಟು ಆದಾಯ 5.80 ಲಕ್ಷ. ಪಿಂಚಣಿಗೆ ಸಿಗುವ 75,000 ರೂಪಾಯಿ ವಿನಾಯಿತಿ ಕಳೆದರೆ 5.05 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 1.05 ಲಕ್ಷಕ್ಕೆ ಶೇ 5ರಂತೆ 5,250 ರೂಪಾಯಿ. ಆದಾಯ 12 ಲಕ್ಷದೊಳಗಿದ್ದರೆ 87ಎ ಕಲಮಿನ ರಿಯಾಯಿತಿ ಸಿಗುವುದರಿಂದ ಅದೂ ಮನ್ನಾ. ಹಾಗಾಗಿ 16,000 ಪೂರ್ತಿ ವಾಪಸ್ ಬರಬೇಕು.

ಮಗನ 2 ಲಕ್ಷ ಬಡ್ಡಿ 4 ಲಕ್ಷದ ಮಿತಿಯೊಳಗೇ ಇದೆ. ಅವನ 62,400 ಕೂಡ ಪೂರ್ತಿ ಬರಬೇಕು. ಆದರೆ ಅವನ ಬಡ್ಡಿ 6 ಲಕ್ಷ ಆಗಿದ್ದರೆ ಲೆಕ್ಕ ಬದಲಾಗುತ್ತದೆ. 87ಎ ರಿಯಾಯಿತಿ ಅನಿವಾಸಿಗಳಿಗೆ ಇಲ್ಲ. ಆಗ 2 ಲಕ್ಷಕ್ಕೆ ಶೇ 5ರಂತೆ 10,000, ತೆರಿಗೆಯ ಮೇಲೆ ಬೀಳುವ ಸೆಸ್ 400, ಒಟ್ಟು 10,400 ರೂಪಾಯಿ ಕಟ್ಟಲೇಬೇಕು. ಬ್ಯಾಂಕು ಹಿಡಿದಿರುವುದು 1,87,200. ಉಳಿದ 1,76,800 ವಾಪಸ್. ‘12 ಲಕ್ಷದವರೆಗೆ ತೆರಿಗೆ ಇಲ್ವಂತೆ’ ಅಂತ ಊರಿನ ಸುದ್ದಿ ಕೇಳಿ ಲೆಕ್ಕ ಹಾಕಿದ ಅನಿವಾಸಿಗಳು ಎಡವುವುದು ಇಲ್ಲೇ.

ಅನಿವಾಸಿಗಳಿಗೆ ಯಾಕೆ ಇಷ್ಟು ಜಾಸ್ತಿ ಕಡಿತ? ಎನ್‌ಆರ್‌ಒ ಬಡ್ಡಿಗೆ ಮಿತಿ ಅಂತ ಏನೂ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಹೊರದೇಶದ ದುಡಿಮೆ ತಂದಿಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಅನಿವಾಸಿಯಾಗಿ ಇರುವವರೆಗೆ ತೆರಿಗೆಯೇ ಇಲ್ಲ. ಯಾವ ದುಡ್ಡು ಯಾವ ಖಾತೆಯಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಹಂತ 1: ನೀವು ನಿವಾಸಿಯೋ ಅನಿವಾಸಿಯೋ

ಇದು ಪಾಸ್‌ಪೋರ್ಟಿನ ಪ್ರಶ್ನೆ ಅಲ್ಲ, ದಿನಗಳ ಪ್ರಶ್ನೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ನಿವಾಸಿ. ಹಿಂದಿನ 4 ವರ್ಷಗಳಲ್ಲಿ 365 ದಿನ ಇದ್ದು, ಈ ವರ್ಷ 60 ದಿನ ಇದ್ದರೂ ನಿವಾಸಿ ಆಗಬಹುದು. ಆದರೆ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟ ವರ್ಷ ಭಾರತೀಯರಿಗೆ ಆ 60ರ ಬದಲು 182 ದಿನದ ಲೆಕ್ಕವೇ ಅನ್ವಯ. ರಜೆಗೆ ಬಂದುಹೋಗುವ ಅನಿವಾಸಿಗಳಿಗೂ ಅಷ್ಟೇ, ಆದರೆ ಇಲ್ಲಿನ ಆದಾಯ 15 ಲಕ್ಷ ದಾಟಿದರೆ 120 ದಿನವೇ ಮಿತಿ. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನ ಎಣಿಸಿ, ಒಂದು ಚೀಟಿಯಲ್ಲಿ ಬರೆದಿಡಿ.

ಇದನ್ನು ಮೊದಲೇ ತೀರ್ಮಾನಿಸಬೇಕು, ಯಾಕೆಂದರೆ ಫಾರಂ ಬದಲಾಗುತ್ತದೆ. ಮೇಷ್ಟ್ರಿಗೆ ಸರಳವಾದ ಐಟಿಆರ್-1 ಸಾಕು. ಅನಿವಾಸಿಗಳು ಅದನ್ನು ಬಳಸುವಂತೆಯೇ ಇಲ್ಲ. ಮಗ ಐಟಿಆರ್-2 ತುಂಬಬೇಕು.

ಹಂತ 2: ಕಡಿತ ನಿಮ್ಮ ಹೆಸರಿಗೆ ಜಮೆ ಆಗಿದೆಯೇ

ನನ್ನ ಪ್ರಕಾರ ರಿಫಂಡಿನ ಹಣೆಬರಹ ತೀರ್ಮಾನವಾಗುವುದೇ ಇಲ್ಲಿ. ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಎರಡು ದಾಖಲೆ ಸಿಗುತ್ತವೆ. ಒಂದು 26ಎಎಸ್, ನಿಮ್ಮ ಪ್ಯಾನ್ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಡಿದು ಕಟ್ಟಿದ್ದಾರೆ ಅನ್ನುವ ಪಟ್ಟಿ. ಇನ್ನೊಂದು ಎಐಎಸ್, ಅಂದರೆ ಬಡ್ಡಿ, ಡಿವಿಡೆಂಡ್, ಷೇರು, ಜಾಗ ಮಾರಾಟ ಹೀಗೆ ನಿಮ್ಮ ಬಗ್ಗೆ ಇಲಾಖೆಗೆ ಗೊತ್ತಿರುವ ವಿವರ. ಬ್ಯಾಂಕು ಕೊಟ್ಟ ಫಾರಂ 16ಎ, ಸಂಬಳ ಕೊಟ್ಟವರ ಫಾರಂ 16 ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ.

ನಮ್ಮ ಮನೆಯಲ್ಲೇ ಹೀಗೊಂದು ಆಯಿತು. ಬ್ಯಾಂಕಿನ ಒಂದು ಶಾಖೆಯಲ್ಲಿ ಅಪ್ಪನ ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ ನಮೂದಾಗಿತ್ತು. ಪಾಸ್‌ಬುಕ್‌ನಲ್ಲಿ ಕಡಿತ ಕಾಣಿಸುತ್ತಿತ್ತು, 26ಎಎಸ್‌ನಲ್ಲಿ ಏನೂ ಇಲ್ಲ. ಮೂರು ಸಲ ಹೋಗಿ, ಬರವಣಿಗೆಯಲ್ಲಿ ಅರ್ಜಿ ಕೊಟ್ಟ ಮೇಲೆ ಸರಿಯಾಯಿತು. ಇಂಥ ತಪ್ಪನ್ನು ನಾವಾಗಲಿ ಇಲಾಖೆಯಾಗಲಿ ತಿದ್ದಲು ಬರುವುದಿಲ್ಲ. ತೆರಿಗೆ ಕಡಿದವರೇ ತಮ್ಮ ಟಿಡಿಎಸ್ ಲೆಕ್ಕವನ್ನು ತಿದ್ದಿ ಮತ್ತೆ ಸಲ್ಲಿಸಬೇಕು. 26ಎಎಸ್‌ನಲ್ಲಿ ಇಲ್ಲದ ಕಡಿತವನ್ನು ರಿಟರ್ನ್‌ನಲ್ಲಿ ತೋರಿಸಿದರೆ ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ, ಕೆಲವೊಮ್ಮೆ ತಿರುಗಿ ತೆರಿಗೆ ಕಟ್ಟಿ ಎಂಬ ಬೇಡಿಕೆಯೇ ಬಂದುಬಿಡುತ್ತದೆ.

ಹಂತ 3: ದುಡ್ಡು ಬಂದು ಬೀಳುವ ಖಾತೆ

ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆಯನ್ನು ಮೊದಲೇ ದೃಢೀಕರಿಸಿ, ರಿಫಂಡಿಗೆ ಅದನ್ನೇ ಆರಿಸಬೇಕು. ಖಾತೆಯಲ್ಲಿರುವ ಹೆಸರು, ಪ್ಯಾನ್‌ನಲ್ಲಿರುವ ಹೆಸರು ಹೊಂದಬೇಕು. ಒಂದರಲ್ಲಿ ತಂದೆಯ ಹೆಸರು ಸೇರಿ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ ಇರುವುದು ನಮ್ಮ ಕಡೆ ಮಾಮೂಲು ಅಲ್ವಾ? ಅಷ್ಟಕ್ಕೇ ಖಾತೆ ತಿರಸ್ಕಾರ ಆಗಬಹುದು.

ಕರ್ನಾಟಕದ ಹಿರಿಯರಿಗೆ ಇನ್ನೊಂದು ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಅವುಗಳ ಐಎಫ್‌ಎಸ್‌ಸಿ ಬದಲಾಗಿದೆ. ಹಳೆಯ ಪಾಸ್‌ಬುಕ್ ನೋಡಿ ತುಂಬಬೇಡಿ, ಈಗಿನ ಚೆಕ್‌ಬುಕ್ ನೋಡಿ.

ಹೊರದೇಶದಲ್ಲಿರುವವರು ಎನ್‌ಆರ್‌ಒ ಖಾತೆಯನ್ನು ಕೊಟ್ಟರೆ ಒಳ್ಳೆಯದು. ಅನಿವಾಸಿ ಆದ ಮೇಲೂ ಹಳೆಯ ಉಳಿತಾಯ ಖಾತೆಯನ್ನೇ ನಡೆಸುವುದು ನಿಯಮಕ್ಕೆ ವಿರುದ್ಧ.

ಪ್ಯಾನ್ ಬಗ್ಗೆಯೂ ಒಂದು ಮಾತು. ಆಧಾರ್ ಜೋಡಿಸದ ನಿವಾಸಿಗಳ ಪ್ಯಾನ್ ನಿಷ್ಕ್ರಿಯವಾಗುತ್ತದೆ, ನಿಷ್ಕ್ರಿಯ ಪ್ಯಾನ್‌ಗೆ ರಿಫಂಡ್ ಬರುವುದಿಲ್ಲ. ಅನಿವಾಸಿಗಳು ಆಧಾರ್ ಜೋಡಿಸಬೇಕಿಲ್ಲ. ಆದರೆ ತಾವು ಅನಿವಾಸಿ ಎಂದು ಇಲಾಖೆಗೆ ತಿಳಿಸಿರಬೇಕು. ತಿಳಿಸದೇ ಇದ್ದ ಹಲವರ ಪ್ಯಾನ್ 2023ರಲ್ಲಿ ನಿಷ್ಕ್ರಿಯವಾಯಿತು.

ಹಂತ 4: ಸಲ್ಲಿಸಿ, 30 ದಿನದೊಳಗೆ ದೃಢೀಕರಿಸಿ

ಸಾಮಾನ್ಯ ಸಂಬಳದಾರರಿಗೆ, ಪಿಂಚಣಿದಾರರಿಗೆ ಗಡುವು ಜುಲೈ 31. ಕೆಲವು ವರ್ಷ ಮುಂದೂಡುತ್ತಾರೆ, ಆದರೆ ಅದನ್ನು ನಂಬಿ ಕೂರಬೇಡಿ. ತಡವಾದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು.

‘ಸಬ್ಮಿಟ್’ ಒತ್ತಿದ ತಕ್ಷಣ ಕೆಲಸ ಮುಗಿಯಲಿಲ್ಲ. 30 ದಿನದೊಳಗೆ ದೃಢೀಕರಣ ಆಗಬೇಕು. ಆಧಾರ್ ಒಟಿಪಿ ಸುಲಭದ ದಾರಿ. ಹೊರದೇಶಕ್ಕೆ ಹೋದವರ ಊರಿನ ಸಿಮ್ ಬಂದ್ ಆಗಿದ್ದರೆ ಒಟಿಪಿ ಬರುವುದಿಲ್ಲ. ಆಗ ನೆಟ್‌ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅದೂ ಆಗದಿದ್ದರೆ ರಿಟರ್ನ್ ಸಲ್ಲಿಸಿದಾಗ ಸಿಗುವ ಐಟಿಆರ್-ವಿ ಎಂಬ ಹಾಳೆಗೆ ಸಹಿ ಹಾಕಿ ಬೆಂಗಳೂರಿನ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಅದು 30 ದಿನದೊಳಗೆ ಅಲ್ಲಿಗೆ ತಲುಪಬೇಕು.

ಸಿಪಿಸಿ ಅಂತ ಎಲ್ಲರೂ ಕರೆಯುವ ಈ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಇಲ್ಲಿಂದಲೇ ಹಾದುಹೋಗುತ್ತದೆ. ಲೆಕ್ಕ ನೋಡುವುದು ಬಹುಪಾಲು ಗಣಕಯಂತ್ರ. ಹಾಗಾಗಿ ಅಂಕಿಗಳು ತಾಳೆಯಾದರೆ ಬೇಗ ಬರುತ್ತದೆ, ಆಗದಿದ್ದರೆ ನಿಲ್ಲುತ್ತದೆ.

ಹಂತ 5: ಕಾಯುವಾಗ ನೋಡಬೇಕಾದದ್ದು

ಪರಿಶೀಲನೆ ಮುಗಿದ ಮೇಲೆ 143(1) ಕಲಮಿನ ಸೂಚನಾಪತ್ರ ಮಿಂಚಂಚೆಗೆ ಬರುತ್ತದೆ. ಅದರ ಪಾಸ್‌ವರ್ಡ್: ಪೂರ್ತಿ ಪ್ಯಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದು, ಮುಂದೆ ಹುಟ್ಟಿದ ದಿನ, ತಿಂಗಳು, ವರ್ಷ. ಒಂದು ಕಡೆ ನೀವು ಕೊಟ್ಟ ಲೆಕ್ಕ, ಇನ್ನೊಂದು ಕಡೆ ಇಲಾಖೆಯ ಲೆಕ್ಕ ಇರುತ್ತದೆ. ವ್ಯತ್ಯಾಸ ಇದ್ದರೆ ಪೋರ್ಟಲ್‌ನಲ್ಲೇ ತಿದ್ದುಪಡಿ ಕೋರಬಹುದು. ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದು 9 ತಿಂಗಳೊಳಗೆ ಈ ಪತ್ರ ಕಳಿಸಲು ಕಾನೂನು ಅವಕಾಶ ಕೊಟ್ಟಿದೆ. ಹೆಚ್ಚಿನವರಿಗೆ ಅಷ್ಟು ತಡ ಆಗುವುದಿಲ್ಲ.

ತಡವಾದದ್ದಕ್ಕೆ ಬಡ್ಡಿಯೂ ಇದೆ, ತಿಂಗಳಿಗೆ ಶೇ 0.5. ಗಡುವಿನೊಳಗೆ ಸಲ್ಲಿಸಿದ್ದರೆ ಏಪ್ರಿಲ್ 1ರಿಂದ ಲೆಕ್ಕ, ತಡ ಮಾಡಿದ್ದರೆ ಸಲ್ಲಿಸಿದ ದಿನದಿಂದ. ಮೇಷ್ಟ್ರಿಗೆ ಆಗಸ್ಟ್‌ನಲ್ಲಿ ರಿಫಂಡ್ ಬಂದರೆ 5 ತಿಂಗಳಿಗೆ 400 ರೂಪಾಯಿ ಸೇರಿಸಿ ಕೊಡುತ್ತಾರೆ. ರಿಫಂಡಿಗೆ ತೆರಿಗೆ ಇಲ್ಲ, ಆದರೆ ಈ ಬಡ್ಡಿಯನ್ನು ಮುಂದಿನ ವರ್ಷದ ಆದಾಯದಲ್ಲಿ ತೋರಿಸಬೇಕು. ರಿಫಂಡ್ ಮೊತ್ತ ಕಟ್ಟಬೇಕಾದ ತೆರಿಗೆಯ ಶೇ 10ಕ್ಕಿಂತ ಕಡಿಮೆ ಇದ್ದರೆ ಬಡ್ಡಿ ಸಿಗುವುದಿಲ್ಲ.

ಖಾತೆ ತಪ್ಪಾಗಿ ದುಡ್ಡು ವಾಪಸ್ ಹೋದರೆ ಗಾಬರಿ ಬೇಡ. ಖಾತೆ ಸರಿಪಡಿಸಿ, ಪೋರ್ಟಲ್‌ನಲ್ಲಿ ಮರುಪಾವತಿ ಕೋರಿಕೆ ಹಾಕಿ. ಹಳೆಯ ವರ್ಷದ ಬಾಕಿಗೆ ರಿಫಂಡನ್ನು ಹೊಂದಿಸಿಕೊಳ್ಳುತ್ತೇವೆ ಅಂತ ಪತ್ರ ಬಂದರೆ ಮಾತ್ರ ಸುಮ್ಮನಿರಬೇಡಿ. ಆ ಬಾಕಿ ತಪ್ಪಾಗಿದ್ದರೆ ಪತ್ರದಲ್ಲಿ ಹೇಳಿದ ಗಡುವಿನೊಳಗೆ ಒಪ್ಪುವುದಿಲ್ಲ ಎಂದು ಉತ್ತರಿಸಿ.

ಸೈಟು ಮಾರುವ ಅನಿವಾಸಿಗಳು ಮುಂಚೆಯೇ ಓದಬೇಕಾದದ್ದು

ದೊಡ್ಡ ಮೊತ್ತ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. 2012ರಲ್ಲಿ 45 ಲಕ್ಷಕ್ಕೆ ಕೊಂಡ ಮೈಸೂರಿನ ಸೈಟನ್ನು ಅನಿವಾಸಿಯೊಬ್ಬರು 80 ಲಕ್ಷಕ್ಕೆ ಮಾರಿದರು ಎಂದುಕೊಳ್ಳಿ. ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ 80 ಲಕ್ಷದ ಮೇಲೆ ಕಡಿಯುತ್ತಾರೆ. ಶೇ 12.5, ಅದರ ಮೇಲೆ ದೊಡ್ಡ ಮೊತ್ತಕ್ಕೆ ಬೀಳುವ ಸರ್ಚಾರ್ಜ್, ಸೆಸ್ ಸೇರಿ ಶೇ 14.3. ಅಂದರೆ 11.44 ಲಕ್ಷ. ನಿಜವಾದ ಲಾಭ 35 ಲಕ್ಷ, ಅದರ ತೆರಿಗೆ ಸೆಸ್ ಸೇರಿ 4.55 ಲಕ್ಷ. ಉಳಿದ 6.89 ಲಕ್ಷ ರಿಟರ್ನ್ ಸಲ್ಲಿಸಿ, ಅದು ಪರಿಶೀಲನೆ ಆಗುವವರೆಗೆ ಸರ್ಕಾರದ ಹತ್ತಿರ ಕೂತಿರುತ್ತದೆ.

ಇದಕ್ಕೆ ದಾರಿ ಇದೆ. ನೋಂದಣಿಗೆ ಮುಂಚೆಯೇ ಇಲಾಖೆಗೆ ಅರ್ಜಿ ಹಾಕಿ, ಕಡಿಮೆ ದರದ ಕಡಿತಕ್ಕೆ ಪ್ರಮಾಣಪತ್ರ ತರಬಹುದು. ಆಗ ಲಾಭದ ಮೇಲಿನ ತೆರಿಗೆಯಷ್ಟೇ ಕಡಿತವಾಗುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ ಇದು, ಅಡ್ವಾನ್ಸ್ ತೆಗೆದುಕೊಂಡ ದಿನವೇ ಆಡಿಟರ್ ಹತ್ತಿರ ಹೋಗಿ. ಕೊಳ್ಳುವವರು ‘ನಮ್ಮದು ಬರೀ ಶೇ 1 ಅಲ್ವಾ’ ಅಂದರೆ, ಅದು ಮಾರುವವರು ನಿವಾಸಿ ಆದಾಗ ಮಾತ್ರ ಎಂದು ತಿಳಿಸಿ. ಕಡಿದು ಕಟ್ಟಿದ ಮೇಲೆ ಟಿಡಿಎಸ್ ಲೆಕ್ಕವನ್ನೂ ಅವರು ಸಲ್ಲಿಸಬೇಕು. ಇಲ್ಲದಿದ್ದರೆ ನಿಮ್ಮ 26ಎಎಸ್ ಖಾಲಿ.

ಬಡ್ಡಿಯ ವಿಷಯದಲ್ಲೂ ಮುಂಚಿತವಾಗಿ ಮಾಡಬಹುದಾದದ್ದು ಇದೆ. ತೆರಿಗೆ ಬೀಳದ ಹಿರಿಯರು ವರ್ಷದ ಶುರುವಿನಲ್ಲೇ ‘ನನಗೆ ತೆರಿಗೆ ಬೀಳುವುದಿಲ್ಲ’ ಎಂಬ ಘೋಷಣೆಯ ಫಾರಂ (2025-26ರಲ್ಲಿ ಅದು 15ಎಚ್) ಬ್ಯಾಂಕಿಗೆ ಕೊಟ್ಟರೆ ಕಡಿತವೇ ಆಗುವುದಿಲ್ಲ. ಮೇಷ್ಟ್ರು ಅದನ್ನು ಕೊಟ್ಟಿದ್ದರೆ ಈ ರಿಫಂಡಿನ ಓಡಾಟವೇ ಇರುತ್ತಿರಲಿಲ್ಲ. ಅನಿವಾಸಿಗಳಿಗೆ 15ಎಚ್ ಇಲ್ಲ. ಆದರೆ ಇರುವ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಮತ್ತು ಫಾರಂ 10ಎಫ್ ಕೊಟ್ಟು, ಆ ದೇಶದ ಜೊತೆ ಭಾರತ ಮಾಡಿಕೊಂಡ ತೆರಿಗೆ ಒಪ್ಪಂದದ ದರ ಕೇಳಬಹುದು. ಬ್ಯಾಂಕ್ ಬಡ್ಡಿಗೆ ಅದು ಯುಎಇಯವರಿಗೆ ಶೇ 12.5, ಅಮೆರಿಕದವರಿಗೆ ಶೇ 15.

ಬೆಂಗಳೂರಿನಲ್ಲಿ ಕೆಲಸಕ್ಕೆ ಬಂದು ವರ್ಷದ ಮಧ್ಯೆ ವಾಪಸ್ ಹೋಗುವ ವಿದೇಶಿಯರಿಗೂ ರಿಫಂಡ್ ಬರುವುದುಂಟು. ಕಂಪನಿ ಇಡೀ ವರ್ಷದ ಸಂಬಳ ಊಹಿಸಿ ಕಡಿದಿರುತ್ತದೆ. ಅವರು ಹೊರಡುವ ಅವಸರದಲ್ಲಿ ಬ್ಯಾಂಕ್ ಖಾತೆ ಮುಚ್ಚಬಾರದು. ಅದನ್ನು ಎನ್‌ಆರ್‌ಒ ಆಗಿ ಬದಲಿಸಿ, ರಿಫಂಡ್ ಬರುವವರೆಗೆ ಉಳಿಸಿಕೊಳ್ಳಬೇಕು.

ಎರಡು ಎಚ್ಚರಿಕೆ

‘ನಿಮಗೆ ಇಷ್ಟು ರಿಫಂಡ್ ಕೊಡಿಸ್ತೀನಿ, ನನಗೆ ಇಂತಿಷ್ಟು ಪರ್ಸೆಂಟ್’ ಅನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ ತೋರಿಸಿ ರಿಫಂಡ್ ತರಿಸುತ್ತಾರೆ. ಸಿಕ್ಕಿಬಿದ್ದಾಗ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳುವುದು ನಿಮ್ಮ ಮೇಲೆ. ಎರಡನೆಯದು, ರಿಫಂಡ್ ಮಂಜೂರಾಗಿದೆ, ಲಿಂಕ್ ಒತ್ತಿ ಎನ್ನುವ ಸಂದೇಶ. ಇಲಾಖೆ ಪಿನ್, ಒಟಿಪಿ, ಕಾರ್ಡ್ ಸಂಖ್ಯೆ ಕೇಳುವುದಿಲ್ಲ. ಅನುಮಾನ ಬಂದರೆ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ ನೋಡಿ.

ಹಳೆಯ ವರ್ಷಗಳದ್ದು ಬಿಟ್ಟುಹೋಗಿದೆಯೇ? ವಿಳಂಬ ಮನ್ನಿಸುವಂತೆ ಕೋರಿ ಅರ್ಜಿ ಹಾಕಬಹುದು. 2024ರ ಅಕ್ಟೋಬರ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಆಯಾ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಆರ್ಥಿಕ ವರ್ಷದ ಮರುವರ್ಷ) ಮುಗಿದು 5 ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಯಾಕೆ ತಡವಾಯಿತು ಎನ್ನುವುದಕ್ಕೆ ನಿಜವಾದ ಕಾರಣ, ಆಸ್ಪತ್ರೆಯ ಕಾಗದವೋ ಮತ್ತೊಂದೋ ಇರಬೇಕು. ಹೀಗೆ ಬರುವ ರಿಫಂಡಿಗೆ ಬಡ್ಡಿ ಇಲ್ಲ, ಅಸಲು ಮಾತ್ರ.