ಒಳ್ಳೆ ಸ್ಯಾಂಪಲ್‌ಗಾಗಿ ಲ್ಯಾಬ್ ಬಿಟ್ಟು ವಾರ್ಡಿಗೆ ಹೋದೆ

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ವಾರ್ಡುಗಳಿಂದ ಬರುವ ರಕ್ತದ ಸ್ಯಾಂಪಲ್‌ಗಳಲ್ಲಿ ಕೆಲವನ್ನು ದಿನಾ ವಾಪಸ್ ಕಳಿಸಬೇಕಾಗುತ್ತಿತ್ತು. 'ಹೀಮೋಲೈಸ್ ಆಗಿದೆ' (ಅಂದರೆ ಕೆಂಪು ರಕ್ತಕಣಗಳು ಒಡೆದಿವೆ), 'ಹೆಪ್ಪುಗಟ್ಟಿದೆ', 'ರಕ್ತ ಸಾಲದು'. ಫೋನಿನಲ್ಲಿ ನಾವು ಇಷ್ಟು ಹೇಳಿದರೆ ಅಲ್ಲಿ ರೋಗಿಗೆ ಮತ್ತೊಮ್ಮೆ ಚುಚ್ಚುತ್ತಿದ್ದರು. ನನಗೆ ಸಹಿಸಲು ಆಗದಿದ್ದದ್ದು ಆ ಎರಡನೇ ಚುಚ್ಚು. ಅದಕ್ಕೇ ನರ್ಸ್‌ಗಳಿಗೆ ತರಬೇತಿ ಕೊಡುವ ಕೆಲಸವನ್ನು ಕೇಳಿ ಪಡೆದೆ.

ಮೊದಲಿಗೆ ಪಾಠ ಮಾಡಲಿಲ್ಲ. ಪ್ರತಿ ಶಿಫ್ಟಿನಿಂದ ಇಬ್ಬರು ಮೂವರನ್ನು ಲ್ಯಾಬಿಗೆ ಕರೆದೆ. ಸೆಂಟ್ರಿಫ್ಯೂಜ್‌ನಿಂದ (ಟ್ಯೂಬನ್ನು ಜೋರಾಗಿ ತಿರುಗಿಸುವ ಯಂತ್ರ) ತೆಗೆದ ಎರಡು ಟ್ಯೂಬ್ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಸೀರಂ, ಅಂದರೆ ಮೇಲೆ ನಿಲ್ಲುವ ರಕ್ತದ ದ್ರವ, ತಿಳಿ ಹಳದಿ, ಇನ್ನೊಂದರಲ್ಲಿ ಕೆಂಪು. ರಕ್ತ ತೆಗೆದಾಗ ಎರಡೂ ಒಂದೇ ಥರ ಕಾಣುತ್ತವೆ. ಕಣಗಳು ಒಡೆದಿವೆ ಅಂತ ಗೊತ್ತಾಗುವುದು ತಿರುಗಿಸಿದ ಮೇಲೆ, ಅಲ್ವಾ? ವಾರ್ಡಿನಲ್ಲಿರುವವರಿಗೆ ಅದು ಕಾಣುವುದೇ ಇಲ್ಲ. ಕೆಂಪು ಕಣದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ 20 ಪಟ್ಟಿಗೂ ಜಾಸ್ತಿ ಇರುತ್ತದೆ. ಕಣ ಒಡೆದರೆ ಅದು ಸೀರಂಗೆ ಸೇರಿ ರಿಪೋರ್ಟಿನಲ್ಲಿ ಏರಿ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಜವಾಗಿಯೂ ಪೊಟ್ಯಾಸಿಯಂ ಕಡಿಮೆ ಇರುವ ರೋಗಿಯ ರಿಪೋರ್ಟ್ 'ನಾರ್ಮಲ್' ಅಂತ ಬರಬಹುದು. ಇದನ್ನು ಕೇಳಿದ ಮೇಲೆ ಅವರೇ ಪ್ರಶ್ನೆ ಹಾಕಲು ಶುರು ಮಾಡಿದರು.

ಆಮೇಲೆ ನಾನು ವಾರ್ಡಿಗೆ ಹೋದೆ. ಸುಮ್ನೆ ಪಕ್ಕದಲ್ಲಿ ನಿಂತು ನೋಡಿದೆ. ಸ್ಪಿರಿಟ್ ಒಣಗುವ ಮೊದಲೇ ಸೂಜಿ ಹಾಕುತ್ತಿದ್ದರು. ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿ ನಾಳ ಹುಡುಕುತ್ತಾ ಒಂದು ನಿಮಿಷ ದಾಟುತ್ತಿತ್ತು. ರೋಗಿಗೆ ಮುಷ್ಟಿ ಬಿಗಿದು ಬಿಡಿ, ಬಿಗಿದು ಬಿಡಿ ಅನ್ನುತ್ತಿದ್ದರು. ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ. ಸಿರಿಂಜನ್ನು ಜೋರಾಗಿ ಎಳೆದು, ಆಮೇಲೆ ಅದೇ ಸೂಜಿಯಿಂದ ರಕ್ತವನ್ನು ಟ್ಯೂಬಿಗೆ ಒತ್ತುತ್ತಿದ್ದರು. ಇದರಿಂದ ಕಣಗಳು ಒಡೆಯುತ್ತವೆ, ಸೂಜಿ ಅವರ ಕೈಗೇ ಚುಚ್ಚುವ ಅಪಾಯವೂ ಇದೆ. ಟ್ಯೂಬಿನ ನಿರ್ವಾತವೇ ರಕ್ತ ಎಳೆದುಕೊಳ್ಳಲಿ, ನೀವು ಒತ್ತಬೇಡಿ ಅಂತ ಕೈ ಹಿಡಿದು ತೋರಿಸಿದೆ. ಡ್ರಿಪ್ ಹೋಗುತ್ತಿರುವ ಕೈ ಬಿಟ್ಟು ಇನ್ನೊಂದು ಕೈಯಿಂದ ತೆಗೆಯಿರಿ ಅಂದೆ.

ಹೆಚ್ಚು ಹೊತ್ತು ಹಿಡಿದದ್ದು ಟ್ಯೂಬುಗಳ ಕ್ರಮ. ರೋಗಾಣು ಪರೀಕ್ಷೆಯ ಕಲ್ಚರ್ ಬಾಟಲಿ ಮೊದಲು, ಆಮೇಲೆ ನೀಲಿ ಮುಚ್ಚಳದ ಸಿಟ್ರೇಟ್, ಕೆಂಪು ಮುಚ್ಚಳದ ಸೀರಂ ಟ್ಯೂಬ್, ಹಸಿರು ಹೆಪಾರಿನ್, ನೇರಳೆ ಇಡಿಟಿಎ, ಕೊನೆಗೆ ಬೂದು ಬಣ್ಣದ ಫ್ಲೋರೈಡ್. ಈ ಹೆಸರುಗಳು ಟ್ಯೂಬಿನೊಳಗಿನ ರಾಸಾಯನಿಕದವು; ಒಂದರದ್ದು ಇನ್ನೊಂದಕ್ಕೆ ಸೇರಬಾರದು ಅಂತಲೇ ಈ ಕ್ರಮ. ಬಾಯಿಪಾಠ ಮಾಡಿಸಿದರೆ ವಾರದಲ್ಲಿ ಮರೆಯುತ್ತಾರೆ. "ನೇರಳೆಯಲ್ಲಿ ಜಾಸ್ತಿ ಇದೆ, ಸ್ವಲ್ಪ ಕೆಂಪಿಗೆ ಸುರಿದರೆ ಏನಾಗುತ್ತೆ ಮೇಡಂ? ಎರಡೂ ಅದೇ ರೋಗಿಯ ರಕ್ತ ತಾನೇ?" ಅಂತ ಹಿರಿಯ ಸಿಸ್ಟರ್ ಒಬ್ಬರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟದಿರುವುದೇ ಅದರಿಂದ. ನಾವು ಬಳಸುವ ಇಡಿಟಿಎ ಪೊಟ್ಯಾಸಿಯಂ ಉಪ್ಪು. ಅದು ಸೀರಂ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಮೇಲಕ್ಕೆ, ಕ್ಯಾಲ್ಸಿಯಂ ಕೆಳಕ್ಕೆ. ಕಾರಣ ತಿಳಿದ ಮೇಲೆ ಆ ಸಿಸ್ಟರೇ ಬೇರೆಯವರನ್ನು ತಿದ್ದತೊಡಗಿದರು.

ನೀಲಿ ಟ್ಯೂಬಿನಲ್ಲಿ ಗೆರೆವರೆಗೂ ರಕ್ತ ತುಂಬಲೇಬೇಕು. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್. ಕಡಿಮೆ ತುಂಬಿದರೆ ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಉದ್ದ ಬರುತ್ತದೆ. ಬಟರ್‌ಫ್ಲೈ ಸೂಜಿಯಾದರೆ ಅದರ ನಳಿಕೆಯ ಗಾಳಿ ಮೊದಲ ಟ್ಯೂಬಿಗೆ ಹೋಗಿ ರಕ್ತ ಕಡಿಮೆ ತುಂಬುತ್ತದೆ. ಹಾಗಾಗಿ ನೀಲಿ ಟ್ಯೂಬೇ ಮೊದಲಾದರೆ ಅದಕ್ಕೂ ಮೊದಲು ಒಂದು ಟ್ಯೂಬ್ ಬಳಸಿ ಎಸೆಯಬೇಕು. ಇಡಿಟಿಎ ಟ್ಯೂಬನ್ನು 8–10 ಸಲ, ಸಿಟ್ರೇಟನ್ನು 3–4 ಸಲ ನಿಧಾನವಾಗಿ ತಲೆಕೆಳಗೆ ಮಾಡಿದರೆ ಸಾಕು. ಕುಲುಕಬಾರದು.

ಲೇಬಲ್ ಅಂಟಿಸುವುದು ಹಾಸಿಗೆಯ ಪಕ್ಕದಲ್ಲೇ, ರಕ್ತ ತೆಗೆದ ತಕ್ಷಣ. 'ನೀವು ಇಂಥವರಲ್ವಾ?' ಅಂತ ಕೇಳಿದರೆ ಮಂಪರಿನಲ್ಲಿರುವವರು ಹೂಂ ಅಂದುಬಿಡುತ್ತಾರೆ. 'ನಿಮ್ಮ ಹೆಸರೇನು?' ಅಂತಲೇ ಕೇಳಬೇಕು.

ವಾರ್ಡುಗಳಿಗೆ ವಾಪಸ್ ಹೋಗುವ ಟ್ಯೂಬ್‌ಗಳು ಈಗ ಸ್ಪಷ್ಟವಾಗಿ ಕಡಿಮೆಯಾಗಿವೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾತ್ರ ಇನ್ನೂ ಕಷ್ಟ. ಅಲ್ಲಿ ಕ್ಯಾನುಲಾ (ಡ್ರಿಪ್‌ಗಾಗಿ ನಾಳದೊಳಗೆ ಬಿಡುವ ಸಣ್ಣ ನಳಿಕೆ) ಹಾಕುವಾಗಲೇ ಅದರಿಂದ ರಕ್ತ ತೆಗೆಯುತ್ತಾರೆ, ಹೀಮೋಲೈಸ್ ಆಗುವುದು ಜಾಸ್ತಿ. ರೋಗಿಯ ಜೀವ ಉಳಿಸುವ ಆತುರದಲ್ಲಿರುವವರಿಗೆ ಇನ್ನೊಂದು ಚುಚ್ಚು ಹಾಕಿ ಅಂತ ಹೇಳುವುದು ಸುಲಭವಲ್ಲ. ಪೊಟ್ಯಾಸಿಯಂ ಪರೀಕ್ಷೆ ಇದ್ದಾಗಲಾದರೂ ನಾಳದಿಂದ ನೇರವಾಗಿ ತೆಗೆಯಿರಿ ಅಂತ ಕೇಳಿಕೊಂಡಿದ್ದೇವೆ. ನಾವೂ ಫೋನ್ ಮಾಡುವ ರೀತಿ ಬದಲಿಸಿಕೊಂಡೆವು. 'ವಾಪಸ್' ಅಂತಷ್ಟೇ ಹೇಳದೆ, ಹೇಗೆ ತೆಗೆದಿರಿ, ಯಾವ ಸೂಜಿ, ಯಾವ ಕೈ ಅಂತ ಕೇಳಿ ಬರೆದುಕೊಳ್ಳುತ್ತೇವೆ. ಮುಂದಿನ ತರಬೇತಿಯಲ್ಲಿ ಏನು ಹೇಳಬೇಕು ಅನ್ನುವುದು ಆ ಪುಸ್ತಕದಿಂದಲೇ ಸಿಗುತ್ತದೆ.