ಶಿಬಿರದ ಚಿಂದಿ, ಹಳೇಬೀಡಿನ ಆನೆ: ನನ್ನ ನೀಡಲ್‌ಪಾಯಿಂಟ್ ಅನುಭವ

ನೀಡಲ್‌ಪಾಯಿಂಟ್ ಅಂದರೆ ತೂತು ತೂತಿನ ಗಟ್ಟಿ ಕ್ಯಾನ್ವಾಸನ್ನು ಎಣಿಸಿ ಹೊಲಿದು ದಾರದಿಂದ ತುಂಬಿಸುವ ಕಸುಬು. ಅದರ ಶಿಬಿರಕ್ಕೆ ಹೋದವರು ಕ್ಲಾಸಿನಲ್ಲಿ ಕೂತು ಕ್ಯಾನ್ವಾಸ್ ತುಂಬಿಸಬಾರದು. ನಾನು ಹೀಗೆ ಹೇಳಿದಾಗ ನಕ್ಕವರು ಹಾಸನದಲ್ಲೂ ಇದ್ದಾರೆ, ಚಿಕ್ಕಮಗಳೂರಿನಲ್ಲೂ ಇದ್ದಾರೆ. ಈಗ ಹಳೇಬೀಡಿನ ಗುಡಿಯ ಆನೆ ಸಾಲನ್ನು ಕ್ಯಾನ್ವಾಸಿನಲ್ಲಿ ಹೊಲಿದು ಮುಗಿಸಿದ್ದೇನೆ. ಫ್ರೇಮ್ ಆಗಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಗೋಡೆ ಸೇರಿದೆ. ದುಡ್ಡೂ ಕೈಗೆ ಬಂದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಯಾರು ನಂಬುತ್ತಿದ್ದರು?

ನಾನು ಬ್ಲೌಸ್ ಹೊಲಿದು, ಆರಿ ವರ್ಕ್ ಮಾಡಿ, ಸೀರೆಗೆ ಕುಚ್ಚು ಕಟ್ಟಿ ಸಂಪಾದಿಸುವವಳು. ಎಣಿಸಿ ಹೊಲಿಯುವುದು ನನಗೆ ಹೊಸದಲ್ಲ. ಮ್ಯಾಟಿ ಬಟ್ಟೆ ಮೇಲೆ ಉಲ್ಲನ್ ಗಿಣಿ, 'ಸುಸ್ವಾಗತ' ಎಲ್ಲ ಸ್ಕೂಲಿನಲ್ಲೇ ಆಗಿತ್ತು. ಆಮೇಲೆ ಧಾರವಾಡದ ಕಡೆಯ ಒಬ್ಬರು ಅಕ್ಕನ ಹತ್ತಿರ ಕಸೂತಿಯ ಗವಂತಿ, ಮುರಗಿ, ನೇಯ್ಗೆ, ಮೆಂತೆ ನಾಲ್ಕೂ ಕಲಿತೆ. ಹಾಗಾಗಿ ಟೆಂಟ್ ಸ್ಟಿಚ್ ಅಂದರೇನು, ಮೊಂಡು ಸೂಜಿ ಯಾಕೆ ಬೇಕು ಅಂತ ಇಲ್ಲಿ ವಿವರಿಸುವುದಿಲ್ಲ. ಇದು ಸೂಜಿ ಹಿಡಿದು ಗೊತ್ತಿರುವವರಿಗೆ.

ಮೊದಲ ಶಿಬಿರ ಬೆಂಗಳೂರಿನಲ್ಲಿ. ಎಲ್ಲರ ಹಾಗೆ ಕ್ಯಾನ್ವಾಸ್ ಹಿಡಿದು ಕೂತೆ. ಹೊಲಿದದ್ದೇ ಹೊಲಿದದ್ದು. ಏನು ಹೊಲಿದೆ? ಹಿನ್ನೆಲೆಗೆ ಓರೆ ಸಾಲುಗಳಲ್ಲಿ ತುಂಬಿಸುವ ಬ್ಯಾಸ್ಕೆಟ್‌ವೀವ್ ಹೊಲಿಗೆ, ಅದೂ ಒಂದೇ ಬಣ್ಣ! ಮನೆಯಲ್ಲಿ ಟಿವಿ ಮುಂದೆ ಮಾಡಬಹುದಾದ ಕೆಲಸಕ್ಕೆ ಗಂಟೆಗೆ ಇನ್ನೂರು ರೂಪಾಯಿ ಫೀಸು ಕಟ್ಟಿದ ಹಾಗಾಯಿತು. ಕೊನೆಯ ದಿನ ಸಂಜೆ ಟೀಚರ್ ರೋಡ್ಸ್, ಜೆಸ್ಸಿಕಾ, ಬಾರ್ಜೆಲ್ಲೊ ಹೊಲಿಗೆಗಳೆಲ್ಲವನ್ನೂ ಒಂದೇ ಉಸಿರಿಗೆ ಓಡಿಸಿದರು. ನೋಡುವಾಗ ಎಲ್ಲ ಅರ್ಥವಾಯಿತು. ಊರಿಗೆ ಬಂದು ಸೂಜಿ ಹಿಡಿದರೆ ಯಾವ ತೂತಿನಿಂದ ಮೇಲೆ ಬರಬೇಕು ಅನ್ನುವುದೇ ನೆನಪಿಲ್ಲ. ಆ ಕುಶನ್ ಇವತ್ತಿಗೂ ಅರ್ಧಂಬರ್ಧ ಬೀರುವಿನಲ್ಲಿದೆ.

ಎರಡನೆಯದು ಚಿಕ್ಕಮಗಳೂರಿನಲ್ಲಿ, ಮೂರ್ನಾಲ್ಕು ದಿನದ್ದು. ಫೀಸು ನಾಲ್ಕೂವರೆ ಸಾವಿರ. ಕಿಟ್‌ಗೆ ಬೇರೆ ಸಾವಿರದ ಎಂಟುನೂರೋ ಏನೋ. ಫೀಸಿನಲ್ಲೇ ಕಿಟ್ ಸೇರಿದೆ ಅಂದುಕೊಂಡು ಬಂದವರು ಬಾಗಿಲಲ್ಲೇ ಜಗಳ ತೆಗೆದರು. ಅಮೆರಿಕದಲ್ಲಿ ಎಂಬ್ರಾಯ್ಡರರ್ಸ್ ಗಿಲ್ಡ್ ಆಫ್ ಅಮೆರಿಕ, ಅಮೆರಿಕನ್ ನೀಡಲ್‌ಪಾಯಿಂಟ್ ಗಿಲ್ಡ್ ತರಹದ ಸಂಘಗಳು ನಡೆಸುವ ಸೆಮಿನಾರ್‌ಗಳಲ್ಲೂ ಕಿಟ್ ದುಡ್ಡು ಬೇರೆಯೇ. ಅಲ್ಲಿ ಕ್ಲಾಸಿಗೆ ಮುಂಚೆ ಮನೆಯಲ್ಲಿ ಮುಗಿಸಿಕೊಂಡು ಬರಬೇಕಾದ ಕೆಲಸವನ್ನೂ ಕೆಲವು ಟೀಚರ್‌ಗಳು ಕಳಿಸುತ್ತಾರೆ. ನಮ್ಮಲ್ಲಿ ಅದೊಂದು ಇಲ್ಲ. ಹಾಗಾಗಿ ಅರ್ಧ ದಿನ ಕ್ಯಾನ್ವಾಸ್ ಅಂಚಿಗೆ ಟೇಪ್ ಹಚ್ಚಿ, ಮರದ ಚೌಕಟ್ಟಿಗೆ ಪಿನ್ ಹೊಡೆಯುವುದರಲ್ಲೇ ಹೋಗುತ್ತದೆ. ನಾನು ಬಡಗಿ ಹತ್ತಿರ ಸಿಲ್ವರ್ ಓಕ್ ಪಟ್ಟಿಯಲ್ಲಿ ಚೌಕಟ್ಟು ಮಾಡಿಸಿಕೊಂಡು, ಚಿಂದಿ ಕ್ಯಾನ್ವಾಸನ್ನು ಬಿಗಿದುಕೊಂಡೇ ಹೋಗಿದ್ದೆ. ಮುನ್ನೂರೈವತ್ತು ತಗೊಂಡ. ಉಳಿದುಕೊಳ್ಳಲು ಚಿಕ್ಕಮ್ಮನ ಮನೆ. ಬೇಲೂರು ಮೇಲಿನ ಬಸ್ಸಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಸೊನ್ನೆ. ಹೆಂಗಸರು ಶಿಬಿರದ ಲೆಕ್ಕ ಹಾಕುವಾಗ 2023ರಿಂದ ಈ ಖರ್ಚು ಬಿಟ್ಟೇ ಹೋಗಿದೆ, ಅಲ್ವಾ?

ಇನ್ನು ವಿಧಾನ. ಕಿಟ್‌ನಲ್ಲಿ ಬಂದ ಕ್ಯಾನ್ವಾಸನ್ನು ಕವರಿನಿಂದ ತೆಗೆಯಲೇ ಇಲ್ಲ. ಚೌಕಟ್ಟಿಗೆ ಬಿಗಿದುಕೊಂಡು ಹೋಗಿದ್ದ ಚಿಂದಿಯೂ ಅದೇ 18ರ, ಅಂದರೆ ಇಂಚಿಗೆ 18 ತೂತಿನ, ಒಂಟಿ ಎಳೆಯ ಮೋನೋ ಕ್ಯಾನ್ವಾಸ್. ಅದನ್ನು ಒಂದೊಂದು ಇಂಚಿನ ಮನೆಗಳಾಗಿ ಭಾಗ ಮಾಡಿದೆ. ಗೆರೆ ಹಾಕಲು ಪೆನ್ಸಿಲ್ ಬೇಡ. ಸೀಸ ತಿಳಿ ಬಣ್ಣದ ದಾರಕ್ಕೆ ಹತ್ತಿದರೆ ಹೋಗುವುದಿಲ್ಲ. ಹೊಲಿಗೆ ದಾರದಲ್ಲಿ ಟಾಕಾ ಹಾಕಿದರೆ ಆಯಿತು. ಟೀಚರ್ ಹೇಳಿಕೊಡುವ ಒಂದೊಂದು ಹೊಲಿಗೆಗೂ ಒಂದು ಮನೆ. ಮನೆಯ ನಡುವೆ ಮೂರ್ನಾಲ್ಕು ಪೂರ್ತಿ ಹೊಲಿಗೆ, ಸಾಕು. ಆಮೇಲೆ ಎಡ ಅಂಚು, ಬಲ ಅಂಚು, ಮತ್ತೆ ಓರೆ ಅಂಚು.

ಅಂಚಿನಲ್ಲೇ ಇರುವುದು ವಿದ್ಯೆ. ಓರೆ ಎಳೆಗಳ ಪುಟ್ಟ ಚೌಕವಾದ ಸ್ಕಾಚ್ ಸ್ಟಿಚ್ಚನ್ನು ಪೂರ್ತಿಯಾಗಿ ಯಾರು ಬೇಕಾದರೂ ಹಾಕುತ್ತಾರೆ. ಚಿತ್ರದ ಗೆರೆ ಅದರ ಮಧ್ಯದಲ್ಲಿ ಹಾದುಹೋದಾಗ ಅರ್ಧ ಸ್ಕಾಚ್ ಎಲ್ಲಿ ನಿಲ್ಲಿಸಬೇಕು? ಯಾವ ಎಳೆ ಮೋಟು ಮಾಡಬೇಕು? ಅದನ್ನು ಟೀಚರ್ ಪಕ್ಕದಲ್ಲಿದ್ದಾಗಲೇ ಕೇಳಬೇಕು. ಪ್ರತಿ ಮನೆ ಮುಗಿದ ಕೂಡಲೇ ಹಿಂಭಾಗದ ಫೋಟೋ ತೆಗೆದುಕೊಳ್ಳುತ್ತಿದ್ದೆ. ಮುಂಭಾಗದ್ದು ಯಾವ ಪಟದಲ್ಲಾದರೂ ಸಿಗುತ್ತದೆ. ಸೂಜಿ ನಡೆದ ದಾರಿ ಹಿಂದೆಯೇ ಕಾಣುವುದು. ನೋಟ್‌ಬುಕ್‌ನಲ್ಲಿ ಮನೆ ನಂಬರು, ಎಷ್ಟು ಎಳೆ, ಮೊದಲ ತೂತು ಯಾವುದು, ಇಷ್ಟೇ.

ಟೀಚರ್ ಮೊದಲ ದಿನ ಮುಖ ಸಿಂಡರಿಸಿದರು. "ಮೇಡಂ, ನೀವು ಕೆಲಸ ಶುರುನೇ ಮಾಡಿಲ್ವಲ್ಲ" ಅಂದರು. ಪಕ್ಕದಲ್ಲಿ ಕೂತಿದ್ದವರು ಕಿಟ್‌ನಲ್ಲಿದ್ದ ಹೂಕುಂಡದ ಚಿತ್ರದ ಕಾಲು ಭಾಗ ಮುಗಿಸಿ ನನ್ನ ಕಡೆ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ಮನೆಗೆ ಬಂದರೆ ಅತ್ತಿಗೆ ಚೀಲದಿಂದ ಆ ತುಂಡು ತೆಗೆದು ಹಿಂದೆ ಮುಂದೆ ತಿರುಗಿಸಿ, "ಏನೇ ಇದು, ಆರು ಸಾವ್ರ ಕೊಟ್ಟು ಚಿಂದಿ ಹೊಲ್ಕೊಂಡು ಬಂದಿದೀಯಾ?" ಅಂದರು. ಆ ಚಿಂದಿಯಲ್ಲಿ ಮೂವತ್ತಕ್ಕೂ ಜಾಸ್ತಿ ಮನೆಗಳಿದ್ದವು. ಹೂಕುಂಡದ ಕಿಟ್ಟನ್ನು ಆ ಮಳೆಗಾಲದಲ್ಲೇ ಮುಗಿಸಿದೆ. ಕ್ಲಾಸಿನಲ್ಲಿ ಕಾಲು ಭಾಗ ಮುಗಿಸಿದವರಲ್ಲಿ ಇಬ್ಬರು ಈಗಲೂ ನನಗೇ ಫೋನ್ ಮಾಡಿ ರೋಡ್ಸ್ ಹೇಗೆ ಅಂತ ಕೇಳುತ್ತಾರೆ. ಮನೆ ನಂಬರು ನೋಡಿ ಹೇಳುತ್ತೇನೆ.

ಆ ಕಿಟ್‌ನಲ್ಲಿ ಒಂದು ಕಿರಿಕಿರಿ ಆಯಿತು. ಕೊಟ್ಟಿದ್ದ ಬೂದು ದಾರ ಹಿನ್ನೆಲೆಗೆ ಸಾಲಲಿಲ್ಲ. ಅದೇ ನಂಬರಿನದು ಹಾಸನದಲ್ಲಿ ತಂದೆ. ನಂಬರ್ ಒಂದೇ, ಬಣ್ಣ ಅದ್ದಿದ ಸಲ ಬೇರೆ. ಹಗಲು ಬೆಳಕಿನಲ್ಲಿ ಹಿಡಿದರೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹೊಸದನ್ನು ನೇರವಾಗಿ ಸೇರಿಸದೆ, ಐದಾರು ಸಾಲು ಹಳೆಯ ಎಳೆ ಎರಡು, ಹೊಸದು ಎರಡು ಸೇರಿಸಿ ಹೊಲಿದ ಮೇಲೆ ಮುಚ್ಚಿಹೋಯಿತು. ಅಂದಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: 18ರ ಮೇಲೆ ಬ್ಯಾಸ್ಕೆಟ್‌ವೀವ್‌ಗೆ ಎಂಟು ಮೀಟರಿನ ಒಂದು ಲಡಿ ಹೆಚ್ಚೂಕಡಿಮೆ ನಾಲ್ಕೂವರೆ ಚದರ ಇಂಚು ತುಂಬುತ್ತದೆ. ಇದಕ್ಕೆ ಎರಡು ಲಡಿ ಜಾಸ್ತಿ ತಗೊಂಡರೆ ನಿಶ್ಚಿಂತೆ.

ಆಮೇಲೆ ಆನೆಗೆ ಕೈಹಾಕಿದೆ. ಹೊಯ್ಸಳೇಶ್ವರ ಗುಡಿ ನಿಂತ ಕಟ್ಟೆಯ, ಅಂದರೆ ಜಗತಿಯ ಮೇಲೆ, ಗೋಡೆಯ ತೀರಾ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು ಅಂತ ಹೋಗುತ್ತದೆ. ಒಂದಾನೆ ಇನ್ನೊಂದರ ಹಾಗಿಲ್ಲ ಅಂತ ಗೈಡುಗಳು ಹೇಳುತ್ತಾರೆ. ಕೂತು ನೋಡಿದರೆ ನಿಜ ಅನ್ನಿಸುತ್ತದೆ. ಒಂದರ ಸೊಂಡಿಲು ಒಳಕ್ಕೆ ಸುತ್ತಿದೆ, ಇನ್ನೊಂದು ಮುಂದಿನದರ ಬಾಲ ಹಿಡಿದ ಹಾಗಿದೆ. ಹಾಗಾಗಿ ಒಂದು ಗ್ರಾಫ್ ಮಾಡಿ ನಾಲ್ಕು ಸಲ ಹೊಲಿದರೆ ನಮ್ಮ ಜಿಲ್ಲೆಯವರು ಒಪ್ಪುವುದಿಲ್ಲ. ಸ್ಕೂಲ್ ಗ್ರಾಫ್ ಬುಕ್ಕಿನಲ್ಲಿ ನಾಲ್ಕನ್ನೂ ಬೇರೆ ಬೇರೆ ಬರೆದೆ. 14 ಇಂಚು ಉದ್ದ, 6 ಇಂಚು ಎತ್ತರ. ಉದ್ದಕ್ಕೆ 252, ಎತ್ತರಕ್ಕೆ 108. ಎಲ್ಲ ಸೇರಿ 27 ಸಾವಿರ ಚಿಲ್ಲರೆ ಹೊಲಿಗೆ.

ಆನೆಗೆ ಬೂದು ಅಂತ ಹೇಳುವುದು ಸುಲಭ. ಬಳಪದ ಕಲ್ಲು ಒಂದೇ ಬೂದು ಅಲ್ಲ. ಬೆಳಗಿನ ಬಿಸಿಲಿಗೆ ಹಸಿರು ಛಾಯೆ, ಮಳೆ ಬಿದ್ದ ಮೇಲೆ ಹತ್ತಿರ ಹತ್ತಿರ ಕಪ್ಪು. ಮೊದಲು ಮೂರು ಬೂದು ಇಟ್ಟುಕೊಂಡು ಒಂದಾನೆ ಮುಗಿಸಿದೆ. ತಗಡಿನಲ್ಲಿ ಕತ್ತರಿಸಿ ಅಂಟಿಸಿದ ಹಾಗಿತ್ತು. ಎರಡು ದಿನ ಕೂತು ಬಿಚ್ಚಿದೆ. ಬಿಚ್ಚುವಾಗ ದಾರದ ಜೊತೆ ಕ್ಯಾನ್ವಾಸಿನ ಎಳೆಯೂ ಒಂದು ಕಡೆ ತುಂಡಾಯಿತು. ಅಂಚಿನಿಂದ ಒಂದೆಳೆ ಕಿತ್ತು, ಆ ಜಾಗದಲ್ಲಿ ನೇಯ್ದು ಕೂರಿಸಿದೆ. ಈಗ ನನಗೇ ಹುಡುಕಲು ಆಗುವುದಿಲ್ಲ. ಕೊನೆಗೆ ಐದು ಬೂದು, ಒಂದು ಪಾಚಿ ಹಸಿರು. ಒಂದೇ ಸೂಜಿಯಲ್ಲಿ ಎರಡು ಬಣ್ಣದ ಎಳೆ ಬೆರೆಸುವುದು ನಿಮಗೆಲ್ಲ ಗೊತ್ತು. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ಕಲ್ಲಿನ ಆ ಜಿಡ್ಡು ಹೊಳಪು ಬರುತ್ತದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಹಿನ್ನೆಲೆಗೆ ಬ್ಯಾಸ್ಕೆಟ್‌ವೀವ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಅಡ್ಡ ಸಾಲುಗಳಲ್ಲಿ ಹೋಗುವ ಕಾಂಟಿನೆಂಟಲ್ ಹೊಲಿಗೆಯಲ್ಲಿ ದೊಡ್ಡ ಜಾಗ ತುಂಬಿದರೆ ಕ್ಯಾನ್ವಾಸ್ ಒಂದು ಕಡೆಗೆ ವಾಲಿಯೇ ವಾಲುತ್ತದೆ. ಆದರೆ ಬ್ಯಾಸ್ಕೆಟ್‌ವೀವ್‌ನಲ್ಲೂ ಒಂದು ಸೂಕ್ಷ್ಮ ಇದೆ. ಮೋನೋ ಕ್ಯಾನ್ವಾಸನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಎಳೆಗಳು ಸೇರುವ ಕಡೆ ಒಂದರಲ್ಲಿ ನಿಂತ ಎಳೆ ಮೇಲಿರುತ್ತದೆ, ಪಕ್ಕದ್ದರಲ್ಲಿ ಅಡ್ಡ ಎಳೆ. ಓರೆಯಾಗಿ ನೋಡಿದರೆ ಸಾಲು ಪೂರ್ತಿ ಒಂದೇ ತರಹ. ನಿಂತ ಎಳೆ ಮೇಲಿರುವ ಸಾಲಿನಲ್ಲಿ ಇಳಿಯಬೇಕು, ಅಡ್ಡ ಎಳೆ ಮೇಲಿರುವ ಸಾಲಿನಲ್ಲಿ ಹತ್ತಬೇಕು. ಊಟಕ್ಕೆ ಎದ್ದು ಬಂದು ಮರೆತು ಎರಡು ಸಾಲು ಒಂದೇ ದಿಕ್ಕಿನಲ್ಲಿ ಹೊಲಿದರೆ ಮುಂಭಾಗದಲ್ಲಿ ಸಣ್ಣ ಏಣು ಬರುತ್ತದೆ. ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ನಾನಂತೂ ಸಾಲಿನ ಮಧ್ಯದಲ್ಲೇ ಸೂಜಿ ನಿಲ್ಲಿಸಿ ಏಳುವುದು.

ಮುಗಿದ ಕ್ಯಾನ್ವಾಸನ್ನು ನೆನೆಸಿ, ಎಳೆದು ಚೌಕಕ್ಕೆ ತರುವ ಬ್ಲಾಕಿಂಗ್ ಜುಲೈನಲ್ಲಿ ಮಾಡಬೇಡಿ. ನಾನು ಮಾಡಿದೆ, ಯಾಕೆಂದರೆ ಹೋಂಸ್ಟೇಯವರು ಆತುರ ಮಾಡುತ್ತಿದ್ದರು. ನೀರು ಚಿಮುಕಿಸಿ, ಪ್ಲೈವುಡ್ ಮೇಲೆ ಚೌಕಕ್ಕೆ ಎಳೆದು ಅರ್ಧ ಇಂಚಿಗೊಂದು ಪಿನ್ ಹೊಡೆದೆ. ಕ್ಯಾನ್ವಾಸಿನ ಗಂಜಿ ನೆನೆದು ಮತ್ತೆ ಒಣಗಿದಾಗಲೇ ಆಕಾರ ನಿಲ್ಲುವುದು. ಬೇಸಿಗೆಯಲ್ಲಾದರೆ ರಾತ್ರಿ ಕಳೆಯುವಷ್ಟರಲ್ಲಿ ಆಗುವ ಕೆಲಸ. ಆ ಮಳೆಗೆ ಫ್ಯಾನ್ ಹಾಕಿಟ್ಟರೂ ವಾರ ಹಿಡಿಯಿತು, ಮುಗ್ಗಲು ವಾಸನೆ ಬೇರೆ. ಇನ್ನೊಂದು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಪಿನ್ ಬಿಟ್ಟು ಬೇರೆ ಬೇಡ. ಕಬ್ಬಿಣದ ಮೊಳೆ ತುಕ್ಕು ಬಿಟ್ಟರೆ ಕಲೆ ಶಾಶ್ವತ. ಹೂಕುಂಡದ ಒಂದು ಮೂಲೆಯಲ್ಲಿ ಅದು ಇದೆ, ಫ್ರೇಮಿನ ಅಡಿಗೆ ಹೋಗಿದೆ.

ಈ ನಡುವೆ ಸುಮ್ನೆ ಕೂರಲಾಗದೆ ಮಾಡಿದ ಕೆಲವು ಪ್ರಯೋಗಗಳು. ಬಾರ್ಜೆಲ್ಲೊದಲ್ಲಿ ಹೊಲಿಗೆ ನೆಟ್ಟಗೆ ನಿಲ್ಲುತ್ತದೆ, ಎಳೆಗಳ ನಡುವೆ ಬಿಳಿ ಕ್ಯಾನ್ವಾಸ್ ಇಣುಕುತ್ತದೆ. ಬಣ್ಣ ಹಚ್ಚಿದರೆ ಸರಿ. ಕಾಫಿ ನಾಡಿನಲ್ಲಿ ಬಣ್ಣಕ್ಕೆ ದುಡ್ಡು ಯಾಕೆ ಅಂತ ಗಟ್ಟಿ ಡಿಕಾಕ್ಷನ್‌ನಲ್ಲಿ ಅದ್ದಿದೆ. ಬಣ್ಣ ಚೆನ್ನಾಗಿ ಬಂತು. ಗಂಜಿ ಪೂರ್ತಿ ಬಿಟ್ಟುಹೋಗಿ ಕ್ಯಾನ್ವಾಸ್ ಪಂಚೆಯಷ್ಟು ಮೆತ್ತಗಾಯಿತು. ಈಗ ಫ್ಯಾಬ್ರಿಕ್ ಪೇಂಟನ್ನು ಅರೆ ಒಣಗಿದ ಬ್ರಷ್‌ನಲ್ಲಿ ಮೇಲೆ ಮೇಲೆ ಸವರುತ್ತೇನೆ. ಕಾಫಿ ತುಂಬುವ ಗೋಣಿ ಮೇಲೂ ಉಲ್ಲನ್‌ನಲ್ಲಿ ಹೊಲಿದು ನೋಡಿದೆ. ಎಳೆ ಒಂದು ದಪ್ಪ, ಒಂದು ಸಣ್ಣ. ಲೆಕ್ಕ ನಿಲ್ಲುವುದಿಲ್ಲ. ಚೀಲಕ್ಕೆ, ಬಾಗಿಲ ತೋರಣಕ್ಕೆ ಆದೀತು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಮಾತ್ರ ಮೋಸ. ಅಗ್ಗ, ಗಟ್ಟಿ, 18 ತೂತು ಅಂತ ಖುಷಿಪಟ್ಟೆ. ಇಂಚಿಗೆ ಒಂದು ಕಡೆ 18, ಇನ್ನೊಂದು ಕಡೆ 16! ನನ್ನ ಆನೆ ಎಳೆದು ಉದ್ದವಾಗಿತ್ತು.

ದುಡ್ಡಿನ ಲೆಕ್ಕ ಕೇಳುವವರು ಜಾಸ್ತಿ, ಹೇಳಿಬಿಡುತ್ತೇನೆ. ಆನೆ ಸಾಲಿಗೆ ಇಪ್ಪತ್ತೈದರ ಆಸುಪಾಸು ಲಡಿ, ಐನೂರರೊಳಗೆ. ಕ್ಯಾನ್ವಾಸ್ ಏಳುನೂರು. ಅಂಗಡಿ ಬೆಲೆಗೆ ತಂದರೆ ಇದರ ಡಬಲ್. ನಾನು ಎಲ್ಲಿಂದ ತರಿಸುತ್ತೇನೆ ಅಂತ ಕೇಳಬೇಡಿ. ಫ್ರೇಮಿಗೆ ಸಾವಿರದ ಆರುನೂರು. ಗಾಜು ಹೊಲಿಗೆಗೆ ತಾಗದ ಹಾಗೆ ಒಳಗೆ ಪಟ್ಟಿ ಕೊಡಿಸಿದ್ದಕ್ಕೆ ಸ್ವಲ್ಪ ಏರಿತು. ಮಲೆನಾಡಿನ ತೇವಕ್ಕೆ ಗಾಜು ತಾಗಿದರೆ ಬೂಷ್ಟು ಗ್ಯಾರಂಟಿ, ಅದರಲ್ಲಿ ಜುಗ್ಗತನ ಬೇಡ. ಕೈಗೆ ಬಂದದ್ದು ಹದಿನಾಲ್ಕು ಸಾವಿರ. ಎಪ್ಪತ್ತು ಎಂಬತ್ತು ಗಂಟೆಯ ಕೆಲಸ. ಮದುವೆ ಸೀಸನ್‌ನಲ್ಲಿ ಆರಿ ಬ್ಲೌಸ್ ಇದಕ್ಕಿಂತ ಜಾಸ್ತಿ ಕೊಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆಷಾಢದಲ್ಲಿ ಯಾರು ಬ್ಲೌಸ್ ಕೊಡುತ್ತಾರೆ?

ಈಗ ಅದೇ ಹೋಂಸ್ಟೇಯವರು ಕುಶನ್ ಕೇಳಿದ್ದಾರೆ, ಅಡ್ವಾನ್ಸೂ ಬಂದಿದೆ. ಬಾರ್ಜೆಲ್ಲೊ ಹಾಕುತ್ತಿದ್ದೇನೆ. ಒಂದೊಂದು ಹೊಲಿಗೆ ನಾಲ್ಕು ಎಳೆ ಮೇಲೆ, ಪಕ್ಕದ್ದಕ್ಕೆ ಎರಡು ಎಳೆಯ ಮೆಟ್ಟಿಲು. ಮುರಗಿ ಗೊತ್ತಿದ್ದವರಿಗೆ ಆ ಏರಿಳಿತ ಕೈಗೆ ತಾನಾಗಿ ಬರುತ್ತದೆ. ಕುಶನ್‌ಗೆ 18 ಬೇಡ, ಕಣ್ಣೂ ಹಾಳು, ರೇಟೂ ಹೊಂದುವುದಿಲ್ಲ. 13ರ ಕ್ಯಾನ್ವಾಸ್, ಉಲ್ಲನ್, 20ನೇ ನಂಬರ್ ಸೂಜಿ. ಚಿಂದಿಯಲ್ಲಿ ಬಾರ್ಜೆಲ್ಲೊ ಇರುವುದು ಹನ್ನೊಂದು, ಹನ್ನೆರಡನೇ ಮನೆಗಳಲ್ಲಿ. ಅತ್ತಿಗೆ ಈಗ ಅದನ್ನು ನೋಡಿಕೊಂಡು ಎರಡನೇ ಕುಶನ್ ಹೊಲಿಯುತ್ತಿದ್ದಾರೆ, ಕೂಲಿ ಮಾತಾಡಿಕೊಂಡೇ.